ಹೋದರೆ ಕಲ್ಲು, ಬಿದ್ದರೆ ಹಣ್ಣು: ರಗ್ಬಿ ಲೀಗ್‌ನಲ್ಲಿ ಚೆಂಡು ಹಿಡಿದವರ ಲೆಕ್ಕಾಚಾರ

2015ರ ಅಕ್ಟೋಬರ್ 4ರ ರಾತ್ರಿ ಸಿಡ್ನಿಯಲ್ಲಿ ನಡೆದ, ಆಸ್ಟ್ರೇಲಿಯಾದ ದೊಡ್ಡ ರಗ್ಬಿ ಲೀಗ್ ಟೂರ್ನಿ ಎನ್‌ಆರ್‌ಎಲ್‌ನ ಗ್ರ್ಯಾಂಡ್ ಫೈನಲ್‌ನ ಕೊನೇ ಗಳಿಗೆ. ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ 12–16ರಿಂದ ಹಿಂದಿತ್ತು. ಬಲಗಡೆ ನುಗ್ಗಿದ ಮೈಕೆಲ್ ಮಾರ್ಗನ್, ಬ್ರಿಸ್ಬೇನ್ ಬ್ರಾಂಕೋಸ್ ಆಟಗಾರರು ಮೈಮೇಲೆ ಬೀಳುತ್ತಿರುವಾಗಲೇ ಚೆಂಡನ್ನು ಪಕ್ಕಕ್ಕೆ ಚಿಮ್ಮಿಸಿದರು. ಕೈಲ್ ಫೆಲ್ಟ್ ಅದನ್ನು ಹಿಡಿದು ಮೂಲೆಯಲ್ಲಿ ಟ್ರೈ ಹೊಡೆದರು, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರು. ಟ್ರೈ ನಂತರದ ಹೆಚ್ಚುವರಿ ಅಂಕಕ್ಕಾಗಿ ಜೊನಾಥನ್ ಥರ್ಸ್ಟನ್ ಒದ್ದ ಕನ್ವರ್ಷನ್ ಕಂಬಕ್ಕೆ ಬಡಿದು ಹೊರಹೋಯಿತು, 16–16ರ ಪಂದ್ಯ ಮೊದಲು ಅಂಕ ಗಳಿಸಿದವರು ಗೆಲ್ಲುವ ಗೋಲ್ಡನ್ ಪಾಯಿಂಟ್‌ಗೆ ಹೊರಳಿತು. ಅಲ್ಲಿ ಮೊದಲ ಕಿಕ್‌ಆಫ್‌ನಲ್ಲೇ ಬ್ರಾಂಕೋಸ್‌ನ ಬೆನ್ ಹಂಟ್ ಕೈಯಿಂದ ಚೆಂಡು ಜಾರಿತು. ಕೆಲವೇ ಹೊತ್ತಿನಲ್ಲಿ ಥರ್ಸ್ಟನ್ ಆಟದ ನಡುವೆಯೇ ಚೆಂಡನ್ನು ಕಂಬಗಳ ನಡುವೆ ಒದ್ದು ಫೀಲ್ಡ್ ಗೋಲ್ ಗಳಿಸಿದರು. 17–16.

ನೋಡುವವರಿಗೆ ಭಾರೀ ಜೂಜು ಅನ್ನಿಸಿದ್ದು ಮಾರ್ಗನ್ ಕೊಟ್ಟ ಪಾಸ್. ಲೆಕ್ಕ ಹಾಕಿದರೆ ಅದು ಬಹುತೇಕ ಪುಕ್ಕಟೆ. ಚೆಂಡು ನೆಲಕ್ಕೆ ಬಿದ್ದಿದ್ದರೂ ಸೋಲು, ಎದೆಗವಚಿಕೊಂಡು ಟ್ಯಾಕಲ್ ಆಗಿದ್ದರೂ (ಎದುರಾಳಿ ಹಿಡಿದು ಕೆಡವಿದ್ದರೂ) ಸೋಲು. ಹಂಟ್ ಹಿಡಿಯಬೇಕಿದ್ದ ಚೆಂಡಿನಲ್ಲಿ ಜೂಜು ಅನ್ನುವುದೇ ಇರಲಿಲ್ಲ. ಹಿಡಿದಿದ್ದರೆ ಸಿಗುತ್ತಿದ್ದದ್ದು ಒಂದು ಮಾಮೂಲಿ ಸೆಟ್ (ಆರು ಟ್ಯಾಕಲ್‌ಗಳ ಸರದಿ), ಬಿಟ್ಟದ್ದಕ್ಕೆ ತೆತ್ತದ್ದು ಪ್ರಶಸ್ತಿ. ಈ ಆಟದಲ್ಲಿ ರಿಸ್ಕ್ ಅನ್ನುವುದಕ್ಕೆ ಒಂದು ಬೆಲೆ ಇರುತ್ತದೆ, ಆ ಬೆಲೆ ಮೈದಾನದ ಜಾಗ, ಟ್ಯಾಕಲ್ ಸಂಖ್ಯೆ, ಗಡಿಯಾರ ಮೂರನ್ನೂ ನೋಡಿ ಏರುತ್ತದೆ, ಇಳಿಯುತ್ತದೆ. ಅದನ್ನು ಓದುವುದು ಹೇಗೆ ಅನ್ನುವುದೇ ಈ ಬರಹ.

ಸಿಡ್ನಿಯ ಪ್ಯಾರಮಾಟಾ, ಪೆನ್ರಿತ್ ಕಡೆ ನೆಲೆಸಿದ ನಮ್ಮ ಮನೆಗಳಲ್ಲಿ ಮಕ್ಕಳು ಶಾಲೆಯಿಂದಲೇ ಈ ಆಟ ಹಚ್ಚಿಕೊಂಡು ಬರುತ್ತಾರೆ. ಅಪ್ಪ ಅಮ್ಮ ಗೆರೆಯಾಚೆ ನಿಂತು "ಚೆಂಡು ಬಿಡಬೇಡ" ಎಂದಷ್ಟೇ ಕೂಗುತ್ತಾರೆ. ಅವರಿಗೂ, ಹೊಸದಾಗಿ ಆಡುವವರಿಗೂ, ಟಿವಿಯಲ್ಲಿ ನೋಡಿ ತಲೆ ಕೆರೆದುಕೊಳ್ಳುವವರಿಗೂ ಇದು. ಒಂದು ಸ್ಪಷ್ಟನೆ: ಭಾರತದಲ್ಲಿ ಈಚೆಗೆ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ತಂಡ ಆಡಿದ್ದು ಯೂನಿಯನ್ ಪದ್ಧತಿಯ ಸೆವೆನ್ಸ್. ಇಲ್ಲಿ ಹೇಳುತ್ತಿರುವುದು 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಹಡರ್ಸ್‌ಫೀಲ್ಡ್‌ನಲ್ಲಿ ಸಭೆ ಸೇರಿ ಬೇರೆಯಾದ ಮೇಲೆ ಬೆಳೆದ, ತಂಡಕ್ಕೆ 13 ಜನರ ರಗ್ಬಿ ಲೀಗ್.

ಹಂತ 1: ಬೆಲೆ ಕಟ್ಟುವ ನಿಯಮಗಳನ್ನು ಮೊದಲು ತಿಳಿಯಿರಿ

ಒಂದು ತಂಡಕ್ಕೆ ಸತತವಾಗಿ ಆರು ಟ್ಯಾಕಲ್‌ಗಳ ಅವಕಾಶ. ಆರನೆಯದು ಮುಗಿದರೆ ಚೆಂಡು ಎದುರಾಳಿಗೆ. ಹಾಗಾಗಿ ಐದಾದ ಮೇಲೆ ಸಾಮಾನ್ಯವಾಗಿ ಒದೆಯುತ್ತಾರೆ. ಪ್ರತಿ ಟ್ಯಾಕಲ್ ಆದ ಮೇಲೆ ಚೆಂಡು ಹಿಡಿದವನು ಎದ್ದು, ಕಾಲಿನಿಂದ ಹಿಂದಕ್ಕೆ ಉರುಳಿಸಬೇಕು. ಇದೇ ಪ್ಲೇ ದ ಬಾಲ್. ಆ ಹೊತ್ತಿಗೆ ರಕ್ಷಣಾ ಸಾಲು 10 ಮೀಟರ್ ಹಿಂದೆ ಸರಿದಿರಬೇಕು, ಎದುರಿಗೆ ಇಬ್ಬರು ಮಾರ್ಕರ್‌ಗಳು ಮಾತ್ರ ನಿಲ್ಲಬಹುದು. ಟ್ರೈಗೆ 4, ಕನ್ವರ್ಷನ್‌ಗೆ 2, ಪೆನಾಲ್ಟಿ ಗೋಲಿಗೆ 2, ಫೀಲ್ಡ್ ಗೋಲಿಗೆ 1 ಅಂಕ. ಎನ್‌ಆರ್‌ಎಲ್‌ನಲ್ಲಿ 2021ರಿಂದ 40 ಮೀಟರ್ ಆಚೆಯಿಂದ ಒದ್ದ ಫೀಲ್ಡ್ ಗೋಲಿಗೆ 2.

ಕಬಡ್ಡಿ ನೋಡಿ ಬೆಳೆದವರಿಗೆ ಇದರ ಒಳಗುಟ್ಟು ಬೇಗ ಹಿಡಿಯುತ್ತದೆ. ಎರಡು ಖಾಲಿ ರೇಡ್ ಆದ ಮೇಲೆ ಮೂರನೆಯದು ಡು ಆರ್ ಡೈ ಆಗುತ್ತದಲ್ಲ, ಅದುವರೆಗೆ ಸುಮ್ಮನೆ ಬಂದು ಹೋಗುತ್ತಿದ್ದ ರೇಡರ್ ಆಗ ಮೈಮೇಲೆ ಬೀಳುತ್ತಾನೆ. ಇಲ್ಲೂ ಎಣಿಕೆ ಏರಿದಂತೆ ಚೆಂಡಿನ ಬೆಲೆ ಇಳಿಯುತ್ತದೆ. ಮೊದಲ ಟ್ಯಾಕಲ್‌ನಲ್ಲಿ ನಿಮ್ಮ ಕೈಯಲ್ಲಿರುವುದು ಇನ್ನೂ ಐದು ಅವಕಾಶ. ಐದಾದ ಮೇಲೆ ಅದು ಹೇಗೂ ಕೈಬಿಟ್ಟು ಹೋಗಲಿರುವ ಚೆಂಡು.

ಹಂತ 2: ಮೈದಾನವನ್ನು ಮೂರು ಹೋಳು ಮಾಡಿ

ಒಂದು ಟ್ರೈ ಲೈನಿನಿಂದ ಇನ್ನೊಂದಕ್ಕೆ 100 ಮೀಟರ್. ನಿಮ್ಮ ಲೈನಿನಿಂದ ಮೊದಲ 30 ಮೀಟರ್ ಒಂದು ಹೋಳು, ನಡುವಿನ 50 ಮೀಟರ್ ಇನ್ನೊಂದು, ಎದುರಾಳಿಯ ಕೊನೆಯ 20 ಮೀಟರ್ ಮತ್ತೊಂದು.

ಈಗ ಒಂದು ಲೆಕ್ಕ. ನಿಮ್ಮ ಲೈನಿನಿಂದ 25 ಮೀಟರ್ ದೂರದಲ್ಲಿ, ಎರಡನೇ ಟ್ಯಾಕಲ್‌ನಲ್ಲಿ ಚೆಂಡು ನಿಮ್ಮ ಕೈಯಲ್ಲಿದೆ. ಸುಮ್ಮನೆ ಆಡಿ ಮುಗಿಸಿದರೆ ನಡುಗೆರೆಯ ಆಸುಪಾಸಿನಿಂದ ಒದ್ದು, ಎದುರಾಳಿಯನ್ನು ಅವರದೇ 20 ಮೀಟರ್ ಹತ್ತಿರ ಶುರು ಮಾಡುವಂತೆ ಮಾಡಬಹುದು. ಅಂದರೆ ಅವರಿಗೆ 80 ಮೀಟರ್ ದಾರಿ. ಇದೇ ಜಾಗದಲ್ಲಿ ಆಫ್‌ಲೋಡ್ (ಟ್ಯಾಕಲ್ ಆಗುತ್ತಿರುವಾಗಲೇ ಕೊಡುವ ಪಾಸ್) ಕೈತಪ್ಪಿದರೆ ಅವರಿಗೆ ಆರು ಟ್ಯಾಕಲ್, ದಾರಿ ಬರೀ 25 ಮೀಟರ್. ನೀವು ಕಳೆದುಕೊಂಡದ್ದು ಒಂದು ಚೆಂಡಲ್ಲ, 55 ಮೀಟರ್ ನೆಲ. ಜೊತೆಗೆ ಉಸಿರು ತಿರುಗುವ ಮೊದಲೇ ನಿಮ್ಮವರು ಇನ್ನೊಂದು ಸೆಟ್ ರಕ್ಷಣೆಗೆ ನಿಲ್ಲಬೇಕು. ಎದುರಾಳಿಯ 15 ಮೀಟರ್‌ನಲ್ಲಿ ಐದು ಟ್ಯಾಕಲ್ ಆದ ಮೇಲೆ ಅದೇ ಆಫ್‌ಲೋಡ್ ತಪ್ಪಿದರೆ? ಅವರು 15 ಮೀಟರ್‌ನಿಂದ ಶುರು ಮಾಡುತ್ತಾರೆ. ಒದ್ದಿದ್ದರೂ ಬಹುಶಃ ಅಲ್ಲಿಂದಲೇ ಶುರು ಮಾಡುತ್ತಿದ್ದರು. ನಷ್ಟ ಹೆಚ್ಚುಕಡಿಮೆ ಸೊನ್ನೆ.

ಹೋದರೆ ಕಲ್ಲು, ಬಿದ್ದರೆ ಹಣ್ಣು ಅನ್ನುವ ಮಾತು ಈ ಎರಡನೇ ಜಾಗಕ್ಕೆ ಮಾತ್ರ ಸಲ್ಲುತ್ತದೆ. ಮೊದಲನೆಯದರಲ್ಲಿ ಎಸೆದ ಕಲ್ಲು ನಮ್ಮ ತಲೆಯ ಮೇಲೇ ಬೀಳುತ್ತದೆ.

ಹಂತ 3: ಡಿಕ್ಕಿಯ ಮೊದಲು ಚೆಂಡನ್ನು ಭದ್ರ ಮಾಡಿ

ಆಫ್‌ಲೋಡು, ಸ್ಟೆಪ್ಪು (ಓಡುತ್ತಲೇ ದಿಕ್ಕು ಬದಲಿಸುವುದು) ಎಲ್ಲ ಆಮೇಲೆ. ಬೇಡದ ಕಡೆ ಚೆಂಡು ಬೀಳುವುದು ನಿಂತರೆ ಅರ್ಧ ಕೆಲಸ ಆಯಿತು. ಯಾವ ಲಾಭಕ್ಕೂ ಅಲ್ಲದೆ, ಹಿಡಿತ ಸಡಿಲವಾಗಿ ಬೀಳುವ ಚೆಂಡು ಈ ಆಟದ ಅತಿ ದುಬಾರಿ ತಪ್ಪು.

ಪಾಸ್ ಬರುವಾಗ ಕೈಗಳು ಮೊದಲೇ ಎದೆಯ ಮಟ್ಟಕ್ಕೆ ಚಾಚಿರಲಿ, ಕಣ್ಣು ಚೆಂಡಿನ ಮೇಲಿರಲಿ. ಮುಂದೆ ಯಾರು ಬರುತ್ತಿದ್ದಾರೆ ಎಂದು ಹಿಡಿಯುವ ಮೊದಲೇ ನೋಡಹೋಗುವುದು ಚಿಕ್ಕ ಹುಡುಗರ ಚಾಳಿ. ಚೆಂಡು ಬೆರಳಿಗೆ ಬಡಿದು ಮುಂದೆ ಹಾರುತ್ತದೆ, ಈ ತಪ್ಪೇ ನಾಕ್‌ಆನ್. ಹಿಡಿದ ಮೇಲೆ ಟ್ಯಾಕ್ಲರ್ ಬರುವ ಕಡೆಯಿಂದ ದೂರದ ತೋಳಿಗೆ ಚೆಂಡನ್ನು ಹಾಕಿ. ಹತ್ತಿರದ ಕೈ ಅವನನ್ನು ತಳ್ಳಲು ಬೇಕು. ಚೆಂಡಿನ ಒಂದು ತುದಿ ಅಂಗೈ-ಬೆರಳುಗಳ ಒಳಗೆ, ಇನ್ನೊಂದು ತುದಿ ಮೊಣಕೈ ಮಡಿಕೆಯಲ್ಲಿ, ಮಗ್ಗುಲು ಪಕ್ಕೆಗೆ ಒತ್ತಿರಬೇಕು. ಡಿಕ್ಕಿಗೆ ಒಂದು ಹೆಜ್ಜೆ ಮೊದಲು ಎರಡನೇ ಕೈಯೂ ಚೆಂಡಿನ ಮೇಲೆ ಬರಲಿ. ಒಬ್ಬನೇ ಟ್ಯಾಕ್ಲರ್ ಇದ್ದಾಗ ಅವನು ಚೆಂಡನ್ನು ಕಿತ್ತುಕೊಳ್ಳುವುದು ನಿಯಮಬದ್ಧ. ಒಬ್ಬನೇ ಬಿಗಿಯಾಗಿ ಅಪ್ಪಿಕೊಂಡಿದ್ದಾನೆ, ಉಳಿದವರು ಸರಿದಿದ್ದಾರೆ ಅನ್ನಿಸಿದರೆ ಬೇರೆ ಯೋಚನೆ ಬಿಟ್ಟು ಚೆಂಡು ಕಾಪಾಡಿ.

ತಲೆ ಮುಂದಿಟ್ಟು ನುಗ್ಗಬೇಡಿ. ಗದ್ದ ಮೇಲೆ, ಬೆನ್ನು ನೇರ, ಭುಜ ಮತ್ತು ತೊಡೆ ಮುಂದೆ. ಮಿದುಳಿಗೆ ಬೀಳುವ ಪೆಟ್ಟಿಗೆ ಯಾವ ಮೀಟರ್ ಲಾಭವೂ ಸಮವಲ್ಲ. ತಲೆಗೆ ಏಟು ಬಿದ್ದ ಅನುಮಾನವಿದ್ದರೆ ಮಗುವನ್ನು ಆ ದಿನ ಮತ್ತೆ ಆಡಿಸಬೇಡಿ. ಇದರಲ್ಲಿ ಚೌಕಾಸಿ ಇಲ್ಲ.

ಹಂತ 4: ಹಿಟ್‌ಅಪ್‌ನಲ್ಲಿ ಮೀಟರ್‌ಗಿಂತ ವೇಗದ ಪ್ಲೇ ದ ಬಾಲ್ ಗಳಿಸಿ

ಮೊದಲ ಎರಡು ಮೂರು ಟ್ಯಾಕಲ್‌ಗಳಲ್ಲಿ ನೇರವಾಗಿ ಮುನ್ನುಗ್ಗುವ ಹಿಟ್‌ಅಪ್ ಅನ್ನು ನೋಡುವವರು ಮೊಂಡು ಆಟ ಅನ್ನುತ್ತಾರೆ. ಆಟ ನಿರ್ಧಾರವಾಗುವುದು ಬಹಳ ಸಲ ಅಲ್ಲೇ.

ಹಿಟ್‌ಅಪ್‌ನ ಲಾಭವನ್ನು ಓಡಿದ ಮೀಟರಿನಲ್ಲಿ ಅಳೆಯುವುದು ಅರ್ಧ ಸತ್ಯ. ನೀವು ಬೇಗ ಎದ್ದು ಚೆಂಡು ಉರುಳಿಸಿದರೆ ರಕ್ಷಣಾ ಸಾಲು ಇನ್ನೂ ಹಿಂದಕ್ಕೆ ಓಡುತ್ತಲೇ ಇರುತ್ತದೆ, ಮಾರ್ಕರ್‌ಗಳು ನೆಟ್ಟಗೆ ನಿಂತಿರುವುದಿಲ್ಲ. ಮುಂದಿನವನು ಹಿಂದೆ ಜರುಗುತ್ತಿರುವ ಸಾಲಿನ ಮೇಲೆ ಬೀಳುತ್ತಾನೆ. ಹತ್ತು ಮೀಟರ್ ಓಡಿ ಬೆನ್ನಿನ ಮೇಲೆ ಅಂಗಾತ ಬಿದ್ದು, ಮೂವರು ಮೇಲೆ ಕೂತು ನಿಧಾನಿಸಿದರೆ ಅದು ಎಂಟು ಮೀಟರ್ ಓಡಿ ಬೋರಲು ಬಿದ್ದು ತಟ್ಟನೆ ಎದ್ದದ್ದಕ್ಕಿಂತ ಕಡಿಮೆ ಬೆಲೆಯ ಓಟ. ಇಂಗ್ಲಿಷ್ ಕೋಚ್‌ಗಳು ಇಡೀ ದಿನ ಕೂಗುವ ‘ಫೈಂಡ್ ಯುವರ್ ಫ್ರಂಟ್’ ಅಂದರೆ ಇದೇ: ಮೊಣಕೈ, ಮಂಡಿ ನೆಲಕ್ಕೆ ತಾಗುವಂತೆ ಬೀಳಿ.

ಹಾಗೆ ಬೀಳಬೇಕಾದರೆ ಟ್ಯಾಕ್ಲರ್‌ಗೆ ನಿಮ್ಮ ಎದೆ ಪೂರ್ತಿ ಸಿಗಬಾರದು. ಇಬ್ಬರು ರಕ್ಷಕರ ನಡುವಿನ ಸಂದಿಗೆ ಓಡಿ, ಕೊನೆಯ ಎರಡು ಹೆಜ್ಜೆಯಲ್ಲಿ ದಿಕ್ಕು ಬದಲಿಸಿ ಒಬ್ಬನ ಭುಜಕ್ಕೆ ಗುರಿಯಿಡಿ. ಬಹಳ ಬೇಗ ಸ್ಟೆಪ್ ಹಾಕಿದರೆ ಅವನೂ ಹೊಂದಿಕೊಳ್ಳುತ್ತಾನೆ. ತಡಮಾಡಿದರೆ ನೀವಾಗಲೇ ಅವನ ತೆಕ್ಕೆಯಲ್ಲಿರುತ್ತೀರಿ. ಕಾಲು ಓಡುತ್ತಲೇ ಇರಲಿ. ಅಡ್ಡಡ್ಡ ಓಡುವುದರಲ್ಲಿ ರಿಸ್ಕೂ ಇದೆ, ಲಾಭವೂ ಇಲ್ಲ. ಎಲ್ಲ ಹಂತದ ಆಟಗಾರರೂ ಅದನ್ನೇ ಮಾಡುತ್ತಾರೆ ಅನ್ನುವುದು ಬೇರೆ ಮಾತು.

ಹಂತ 5: ಆಫ್‌ಲೋಡ್: ಕೈ, ಕಣ್ಣು, ಎಣಿಕೆ

ಟ್ಯಾಕಲ್ ಆಗುತ್ತಿರುವಾಗಲೇ ಚೆಂಡು ಬಿಡುವ ಆಫ್‌ಲೋಡ್ ಈ ಆಟದ ಅತಿ ಸುಂದರ ಆಯುಧ, ಅತಿ ಹೆಚ್ಚು ಬೈಗುಳ ತಿನ್ನುವುದೂ ಅದೇ. ನಿಮ್ಮ ಮೇಲೆ ಇಬ್ಬರು ಮೂವರು ಬಿದ್ದಿದ್ದಾರೆ ಅಂದರೆ ಉಳಿದ ಕಡೆ ಅಷ್ಟು ಜನ ಕಡಿಮೆ. ಆ ಗಳಿಗೆಯಲ್ಲಿ ಚೆಂಡು ಹೊರಬಂದರೆ ಗೋಡೆಯಲ್ಲಿ ಬಾಗಿಲು ತೆರೆಯುತ್ತದೆ. ಸನ್ನಿ ಬಿಲ್ ವಿಲಿಯಮ್ಸ್ ಒಂಟಿ ಕೈಯಲ್ಲಿ ಟ್ಯಾಕ್ಲರ್‌ನ ಬೆನ್ನ ಹಿಂದಿನಿಂದ ಚೆಂಡು ದಾಟಿಸುತ್ತಿದ್ದುದನ್ನು ನೋಡಿ ಒಂದಿಡೀ ತಲೆಮಾರಿನ ಹುಡುಗರು ಹಾಗೇ ಮಾಡಹೊರಟರು. ಅವರ ತೋಳಿನ ಉದ್ದ, ಅಂಗೈ ಅಗಲ, ಡಿಕ್ಕಿಯಲ್ಲೂ ನೆಟ್ಟಗೆ ನಿಲ್ಲುವ ಬಲ ಬಹಳ ಜನಕ್ಕೆ ಇಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಬಿಡುವ ಮುನ್ನ ಮೂರು ಪ್ರಶ್ನೆ, ಇದೇ ಅನುಕ್ರಮದಲ್ಲಿ.

ಕೈ ಬಿಡುವಾಗಿದೆಯೇ? ಮೊಣಕೈ ಟ್ಯಾಕ್ಲರ್‌ನ ತೋಳಿನಿಂದ ಹೊರಗೆ, ಸಾಧ್ಯವಾದರೆ ಅವನ ದೇಹ ದಾಟಿ ಆಚೆ ಬಂದಿರಬೇಕು. ಮುಂಗೈ ಮಾತ್ರ ಅಲ್ಲಾಡುತ್ತಿದ್ದರೆ ಅದು ಬಿಡುವಲ್ಲ. ಹಿಂದಕ್ಕೆ ತಳ್ಳಿಸಿಕೊಳ್ಳುತ್ತಿದ್ದರೆ ಅಲ್ಲಿಗೇ ಮುಗಿಯಿತು, ಹಿಡಿದುಕೊಳ್ಳಿ.

ಜೊತೆಗಾರ ಕಂಡನೇ? ‘ಇರಬಹುದು’ ಅಂತ ಎಸೆಯುವ ಪಾಸನ್ನು ಎದುರಾಳಿ ಹಿಡಿದು ಓಡಿದರೆ ನಿಮ್ಮ ಬೆನ್ನ ಹಿಂದೆ ಯಾರೂ ಇರುವುದಿಲ್ಲ. ಅವನನ್ನು ಕಣ್ಣಿನಿಂದ ನೋಡಿರಬೇಕು ಅಥವಾ ಹತ್ತಿರದಿಂದ ಕೂಗು ಕೇಳಿರಬೇಕು. ಇದರ ಅರ್ಧ ಹೊಣೆ ಜೊತೆಗಾರನದು. ಓಡಿ ಬಂದು ಭುಜದ ಪಕ್ಕ, ಒಂದೆರಡು ಮೀಟರ್ ಹಿಂದೆ ಕಾಣಿಸಿಕೊಳ್ಳದವನು ಆಮೇಲೆ ಪಾಸ್ ಕೊಡಲಿಲ್ಲ ಎಂದು ದೂರಬಾರದು.

ಎಣಿಕೆ ಎಷ್ಟು, ಜಾಗ ಯಾವುದು? ಮೊದಲ ಹೋಳಿನಲ್ಲಿ ಮೊದಲೆರಡು ಉತ್ತರಗಳೂ ಗಟ್ಟಿಯಾಗಿ ‘ಹೌದು’ ಇರಬೇಕು. ನಡು ಹೋಳಿನಲ್ಲಿ ಮೂರನೇ ಟ್ಯಾಕಲ್ ಆದ ಮೇಲೆ ಸ್ವಲ್ಪ ಸಡಿಲಿಸಬಹುದು. ಎದುರಾಳಿಯ ಕೊನೆಯ 20ರಲ್ಲಿ, ಎಣಿಕೆ ನಾಲ್ಕು ದಾಟಿದ ಮೇಲೆ, ಅರ್ಧ ಅವಕಾಶಕ್ಕೂ ಕೈ ಹಾಕಿ.

2005ರ ಗ್ರ್ಯಾಂಡ್ ಫೈನಲ್‌ನಲ್ಲಿ ವೆಸ್ಟ್ಸ್ ಟೈಗರ್ಸ್‌ನ ಬೆಂಜಿ ಮಾರ್ಷಲ್ ತಮ್ಮ ಅರ್ಧದ ಆಳದಿಂದ ಓಡಿ, ಬೆನ್ನ ಹಿಂದಿನಿಂದ ಪ್ಯಾಟ್ ರಿಚರ್ಡ್ಸ್‌ಗೆ ಕೊಟ್ಟ ಫ್ಲಿಕ್ ಪಾಸ್ ಈ ನಿಯಮ ಮುರಿದಂತೆ ಕಾಣುತ್ತದೆ. ಮತ್ತೆ ನೋಡಿ. ಎದುರಾಳಿಗಳು ಆಗಲೇ ಚದುರಿದ್ದರು, ಮಾರ್ಷಲ್ ಪೂರ್ಣ ವೇಗದಲ್ಲಿದ್ದರು, ರಿಚರ್ಡ್ಸ್ ಪಕ್ಕದಲ್ಲೇ ಇದ್ದರು. ರಿಚರ್ಡ್ಸ್ ಅಡ್ಡ ಬಂದವನನ್ನು ಕೈಯಿಂದ ತಳ್ಳಿ ಟ್ರೈ ಮುಗಿಸಿದರು, ಟೈಗರ್ಸ್ 30–16ರಿಂದ ಗೆದ್ದಿತು. ಕಣ್ಣಿಗೆ ಚಮತ್ಕಾರ ಅನ್ನಿಸಿದರೂ ಮೂರೂ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿತ್ತು.

ಹಂತ 6: ಅಂಚಿಗೆ ಹರಡುವಾಗ ಇಂಟರ್‌ಸೆಪ್ಟ್ ಬೆಲೆ ನೆನಪಿರಲಿ

ಇಬ್ಬರು ಮೂವರನ್ನು ದಾಟಿಸಿ ಎಸೆಯುವ ಉದ್ದ ಪಾಸ್ ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ಎದುರಾಳಿ ವಿಂಗರ್ (ಅಂಚಿನ ಆಟಗಾರ) ಅಥವಾ ಅವನ ಪಕ್ಕದ ಸೆಂಟರ್ ಸಾಲು ಬಿಟ್ಟು ಮುಂದೆ ನುಗ್ಗಿ ಬಂದರೆ ಅದು ಅವನ ಕೈಗೇ, ಇದೇ ಇಂಟರ್‌ಸೆಪ್ಟ್. ನೀವು ಟ್ರೈ ಹೊಡೆದು ಆರು ಅಂಕ ಗಳಿಸಬಹುದಾದ ಜಾಗದಲ್ಲಿ ಅವರಿಗೇ ಆರು ಹೋದರೆ ಒಟ್ಟು ವ್ಯತ್ಯಾಸ ಹನ್ನೆರಡು.

ಪಾಸ್ ಕೊಡುವ ಮೊದಲು ಎದುರಾಳಿ ವಿಂಗರ್‌ನ ಕಾಲು ನೋಡಿ. ಹಿಮ್ಮಡಿಯ ಮೇಲೆ ಭಾರ ಹಾಕಿ ಹೊರಕ್ಕೆ ಜಾರುತ್ತಿದ್ದರೆ ಅಂಚಿಗೆ ಕೊಡಬಹುದು, ಆದರೆ ಅಲ್ಲಿ ನಿಜವಾಗಿ ಒಬ್ಬ ಹೆಚ್ಚುವರಿ ಇರಬೇಕು. ಒಳಕ್ಕೆ ಮುಂದೊತ್ತಿ ಬರುತ್ತಿದ್ದರೆ ಉದ್ದ ಪಾಸ್ ಬೇಡ. ಒಳಗಿನ ಗಿಡ್ಡ ಪಾಸ್ ಕೊಡಿ, ಇಲ್ಲವೇ ಅವನು ಬಿಟ್ಟುಬಂದ ಜಾಗಕ್ಕೆ ಒದೆಯಿರಿ. ಪಾಸ್ ಹಿಡಿಯುವವರು ಆಳದಲ್ಲಿ ನಿಂತು ಓಡಿ ಬಂದರೆ ಅಪಾಯ ಇಳಿಯುತ್ತದೆ. ಸಾಲಿಗೆ ಅಂಟಿಕೊಂಡು ನಿಂತು ಹಿಡಿಯುವ ತಂಡವೇ ಫಾರ್ವರ್ಡ್ ಪಾಸ್‌ಗೂ (ಮುಂದಕ್ಕೆ ಎಸೆದ, ನಿಯಮಬಾಹಿರ ಪಾಸ್) ಇಂಟರ್‌ಸೆಪ್ಟ್‌ಗೂ ಹೆಚ್ಚಾಗಿ ಸಿಕ್ಕಿಬೀಳುತ್ತದೆ.

ಹಂತ 7: ಕೊನೆಯ ಒದೆತ

ಲೈನಿನ ಹತ್ತಿರ ನೆಲಕ್ಕೆ ಉರುಳಿಸುವ ಗ್ರಬ್ಬರ್ ಎದುರಾಳಿಯನ್ನು ಅವರ ಇನ್‌ಗೋಲ್‌ನಲ್ಲೇ (ಟ್ರೈ ಲೈನಿನ ಹಿಂದಿನ ಜಾಗ) ಕಟ್ಟಿಹಾಕಿದರೆ ಡ್ರಾಪ್‌ಔಟ್, ಅಂದರೆ ಅವರು ತಮ್ಮ ಲೈನಿನಿಂದ ಚೆಂಡನ್ನು ಒದ್ದು ಕೊಡಬೇಕು, ನಿಮಗೆ ಮತ್ತೆ ಆರು ಟ್ಯಾಕಲ್ ಸಿಗುವ ಸಾಧ್ಯತೆ ಹೆಚ್ಚು. ಅಂಕ ಬರದಿದ್ದರೂ ರಕ್ಷಣೆ ಮಾಡಿ ಸುಸ್ತಾದವರು ಅವರೇ. ಅದೇ ಗ್ರಬ್ಬರ್ ಜೋರಾಗಿ ಹಿಂಗೆರೆ ದಾಟಿದರೆ ಎದುರಾಳಿಗೆ 20 ಮೀಟರ್‌ನಿಂದ ಆಟ, ಎನ್‌ಆರ್‌ಎಲ್‌ನಲ್ಲಿ 2014ರಿಂದ ಅದು ಏಳು ಟ್ಯಾಕಲ್‌ಗಳ ಸೆಟ್. ಒಂದು ಹೆಚ್ಚುವರಿ ಟ್ಯಾಕಲ್ ಅಂದರೆ ಸಣ್ಣ ಉಡುಗೊರೆಯಲ್ಲ. ಆದ್ದರಿಂದ ಗ್ರಬ್ಬರ್ ಅಭ್ಯಾಸದಲ್ಲಿ ಗುರಿಗಿಂತ ತೂಕ ಮುಖ್ಯ.

40/20 ಇನ್ನೊಂದು ಬಗೆ. ನಿಮ್ಮ 40 ಮೀಟರ್ ಒಳಗಿನಿಂದ ಒದ್ದ ಚೆಂಡು ಮೈದಾನದಲ್ಲಿ ಪುಟಿದು, ಎದುರಾಳಿಯ 20 ಮೀಟರ್ ಒಳಗೆ ಪಕ್ಕದ ಗೆರೆ ಟಚ್‌ಲೈನ್ ದಾಟಿದರೆ ಚೆಂಡು ನಿಮಗೇ. ಪುಟಿಯದೆ ನೇರ ಹೊರಹೋದರೆ ಒದ್ದ ಜಾಗದಿಂದಲೇ ಎದುರಾಳಿಯ ಆಟ. ಹಾಗಾಗಿ ಎದುರಾಳಿ ವಿಂಗರ್ ಮುಂದೆ ಬಂದಿರುವಾಗ, ಎಲ್ಲರ ಹಿಂದೆ ನಿಲ್ಲುವ ಫುಲ್‌ಬ್ಯಾಕ್ ಇನ್ನೊಂದು ಬದಿಯಲ್ಲಿರುವಾಗ ಮಾತ್ರ ಇದಕ್ಕೆ ಅರ್ಥ. ಉಳಿದಂತೆ ಇದು ಆಟಗಾರನ ಹೆಮ್ಮೆಗೆ ಒದ್ದ ಚೆಂಡು.

ಹಂತ 8: ಸ್ಕೋರು ಮತ್ತು ಗಡಿಯಾರ

ಆರು ಅಂಕ ಮುಂದಿದ್ದರೆ ಒಂದು ಟ್ರೈ, ಕನ್ವರ್ಷನ್ನಿಗೆ ಎದುರಾಳಿ ಸಮ ಮಾಡಬಹುದು. ಏಳಾದರೆ ಎರಡು ಸಲ ಅಂಕ ಗಳಿಸಲೇಬೇಕು. ಕೊನೆಯ ಹತ್ತು ನಿಮಿಷದಲ್ಲಿ ಒಂದು ಅಂಕದ ಫೀಲ್ಡ್ ಗೋಲಿಗೆ ತಂಡಗಳು ಜೋತುಬೀಳುವುದು ಇದಕ್ಕೇ. ಮುಂದಿರುವವರು ಆಫ್‌ಲೋಡ್ ನಿಲ್ಲಿಸಿ ಸೆಟ್ ಮುಗಿಸಬೇಕು, ಆದರೆ ಓಡುವುದನ್ನು ನಿಲ್ಲಿಸಬಾರದು. ಕಾಪಾಡಿಕೊಳ್ಳಲು ಹೋಗಿ ಮುದುಡಿ ಸೋತ ತಂಡಗಳಿಗೆ ಲೆಕ್ಕವಿಲ್ಲ. 2023ರ ಗ್ರ್ಯಾಂಡ್ ಫೈನಲ್‌ನಲ್ಲಿ 24–8ರಿಂದ ಮುಂದಿದ್ದ ಬ್ರಾಂಕೋಸ್, ಪೆನ್ರಿತ್ ಪ್ಯಾಂಥರ್ಸ್‌ಗೆ 26–24ರಿಂದ ಸೋತಿತು.

ಹಿಂದಿದ್ದಾಗ, ಸಮಯ ಮುಗಿಯುತ್ತಿದ್ದಾಗ ರಿಸ್ಕ್‌ನ ಬೆಲೆ ಸೊನ್ನೆಯತ್ತ ಜಾರುತ್ತದೆ. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನ 1994ರ ಸ್ಟೇಟ್ ಆಫ್ ಆರಿಜಿನ್ ಸರಣಿಯ ಮೊದಲ ಪಂದ್ಯದಲ್ಲಿ 4–12ರಿಂದ ಹಿಂದಿದ್ದ ಕ್ವೀನ್ಸ್‌ಲ್ಯಾಂಡ್, ಕೊನೆಯಲ್ಲಿ ಚೆಂಡನ್ನು ಕೈಯಿಂದ ಕೈಗೆ ಮೈದಾನದ ಎರಡೂ ಬದಿಗೆ ಓಡಾಡಿಸಿ ಮಾರ್ಕ್ ಕಾಯ್ನ್ ಟ್ರೈನೊಂದಿಗೆ 16–12ರಿಂದ ಗೆದ್ದಿತು. ಇಂಗ್ಲೆಂಡಿನ 2020ರ ಸೂಪರ್ ಲೀಗ್ ಫೈನಲ್ 4–4ರಲ್ಲಿ ಮುಗಿಯುತ್ತಿದ್ದಾಗ ಸೇಂಟ್ ಹೆಲೆನ್ಸ್‌ನ ಟಾಮಿ ಮೇಕಿನ್ಸನ್ ದೂರದಿಂದ ಒದ್ದ ಡ್ರಾಪ್ ಗೋಲ್ (ಫೀಲ್ಡ್ ಗೋಲಿನ ಇನ್ನೊಂದು ಹೆಸರು) ಕಂಬಕ್ಕೆ ಬಡಿದು ಮರಳಿತು. ಹೋಯಿತು ಎಂದು ನಿಲ್ಲದೆ ಓಡಿಬಂದ ಜ್ಯಾಕ್ ವೆಲ್ಸ್‌ಬಿ ಅದರ ಮೇಲೆ ಬಿದ್ದು ಟ್ರೈ ಮಾಡಿದರು; ವಿಗನ್ 8–4ರಿಂದ ಸೋತಿತು. ಒದ್ದವನ ಅದೃಷ್ಟ ಅನ್ನಬಹುದು. ಓಡಿಬಂದವನದು ಅದೃಷ್ಟವಲ್ಲ, ರೂಢಿ.

ಹಂತ 9: ಅಭ್ಯಾಸ ಮತ್ತು ಪಂದ್ಯದ ನಂತರದ ಲೆಕ್ಕ

ತಾಜಾ ಕಾಲಿನಲ್ಲಿ ಎಲ್ಲರೂ ಸರಿಯಾಗಿ ನಿರ್ಧರಿಸುತ್ತಾರೆ. ಆದ್ದರಿಂದ ಮೂವರ ವಿರುದ್ಧ ಇಬ್ಬರ ಆಟವನ್ನು ಅಭ್ಯಾಸದ ಕೊನೆಯಲ್ಲಿ, ಏದುಸಿರಿನಲ್ಲಿ ಆಡಿಸಿ. ಕೋಚ್ ಪ್ರತಿ ಸಲ ಜಾಗ ಮತ್ತು ಎಣಿಕೆ ಕೂಗಲಿ: "ನಮ್ಮ ಇಪ್ಪತ್ತು, ಎರಡನೇ ಟ್ಯಾಕಲ್!" "ಅವರ ಹತ್ತು, ಕೊನೇದು!" ಒಂದೇ ಆಫ್‌ಲೋಡ್ ಮೊದಲನೆಯದರಲ್ಲಿ ತಪ್ಪು, ಎರಡನೆಯದರಲ್ಲಿ ಸರಿ ಎಂದು ಮಕ್ಕಳ ಮೈಗೆ ಹತ್ತಬೇಕು. ತೀರಾ ಚಿಕ್ಕವರಿಗೆ ಆಫ್‌ಲೋಡ್ ನಿಷೇಧಿಸುವ ಕೋಚ್‌ಗಳಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹತ್ತು ವರ್ಷದವಳು ಬಿಟ್ಟ ಚೆಂಡಿನ ಬೆಲೆ ಒಂದು ಶನಿವಾರದ ಬೆಳಗ್ಗೆ, ಅಷ್ಟೇ. ಕಣ್ಣೆತ್ತಿ ಜೊತೆಗಾರರನ್ನು ಹುಡುಕುವ ಅಭ್ಯಾಸ ಆ ವಯಸ್ಸಿನಲ್ಲಿ ಬರದಿದ್ದರೆ ಹದಿನೆಂಟರಲ್ಲಿ ತುರುಕುವುದು ಕಷ್ಟ.

ಪಂದ್ಯ ಮುಗಿದ ಮೇಲೆ ಕಳೆದುಹೋದ ಪ್ರತಿ ಚೆಂಡಿಗೂ ನಾಲ್ಕು ವಿವರ ಬರೆಯಿರಿ: ಜಾಗ, ಎಣಿಕೆ, ಸ್ಕೋರು, ತಪ್ಪಿದ್ದು ಕೈಯೋ ತಲೆಯೋ. ಸರಿಯಾದ ನಿರ್ಧಾರದಲ್ಲಿ ಪಾಸ್ ಮಾತ್ರ ಎಡವಿದ್ದರೆ ಪಾಸ್ ಅಭ್ಯಾಸ ಮಾಡಿಸಿ, ಆಟಗಾರನನ್ನು ಬೈಯಬೇಡಿ. ಕೆಟ್ಟ ನಿರ್ಧಾರ ಫಲಿಸಿ ಟ್ರೈ ಬಂದಿದ್ದರೆ ಅದನ್ನೂ ಬರೆಯಿರಿ, ಹೆಚ್ಚಿನವರು ಬಿಡುವುದು ಇದನ್ನೇ. ನಾಲ್ಕೈದು ಪಂದ್ಯದ ಹಾಳೆ ಒಟ್ಟಿಗೆ ಹರಡಿದರೆ ಯಾರ ಕೈಯಿಂದ ಎಲ್ಲಿ ಚೆಂಡು ಜಾರುತ್ತಿದೆ ಎನ್ನುವುದು ತಾನಾಗಿ ಕಾಣುತ್ತದೆ. ಮುಂದಿನ ವಾರದ ಅಭ್ಯಾಸವನ್ನು ಆ ಹಾಳೆಯಿಂದಲೇ ಶುರು ಮಾಡಿ.